ಸ್ವೇದಜ ಹೋದರೆ ಶಿವನು ಹೋಗುವನೆ?



ಶ್ರಾವಣ ಮಾಸದ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ಭಕ್ತರು ತಮ್ಮ ಮನದ ಕಷ್ಟಗಳನ್ನು ಹೇಳಿಕೊಳ್ಳುವುದು ಮಠಗಳಲ್ಲಿ ನಡೆದುಬಂದ ರೂಢಿ. ಮಳೆ ಬಾರದ್ದು, ಮಗಳಿಗೆ ವರ ಕೂಡಿಬಾರದ್ದು, ಅಣ್ಣತಮ್ಮಂದಿರಲ್ಲಿ ಹೊಲದ ಬದುವಿನ ಜಗಳ, ಇವೇ ಹೆಚ್ಚು. ಈಚೆಗೆ ಬೇರೊಂದು ಬಗೆಯ ಕಷ್ಟವನ್ನೂ ನಾವು ಕೇಳುತ್ತಿದ್ದೇವೆ. ಒಬ್ಬ ಹಿರಿಯ ರೈತರು, ವಯಸ್ಸು ಎಪ್ಪತ್ತು ದಾಟಿದವರು, ಎಲ್ಲರೂ ಎದ್ದುಹೋಗುವವರೆಗೂ ಕಾದಿದ್ದು ಹೀಗೆಂದರು: “ಅಪ್ಪಾವರ, ಮೊಮ್ಮಗ ಕೊರಳಾಗಿನ ಲಿಂಗ ತೆಗೆದು ಜಗಲಿ ಮ್ಯಾಲ ಇಟ್ಟಾನ್ರಿ. ಜೀವ ಅನ್ನೂದು ನೀರಾಗ ತಾನ ಹುಟ್ಟೇತಿ, ಯಾವ ದೇವ್ರೂ ಹುಟ್ಟಿಸಿಲ್ಲ ಅಂತಾನ್ರಿ. ಕಾಲೇಜು ಬಿಡಿಸಿ ಹೊಲಕ್ಕ ಹಚ್ಚಲೇನ್ರಿ?”

ಕಾಲೇಜು ಬಿಡಿಸಬೇಡಿ ಎಂದಷ್ಟೇ ಅಂದು ಹೇಳಿ ಕಳಿಸಿದೆವು. ಅಷ್ಟರಿಂದ ಆ ಹಿರಿಯರ ಎದೆಯ ಭಾರ ಇಳಿಯಲಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಇಂಥ ಅಜ್ಜಂದಿರು ಇಂದು ಊರೂರಲ್ಲಿ ಇದ್ದಾರೆ. ಆದ್ದರಿಂದ ಈ ವಾರ ಅದನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ಜೀವ ಹುಟ್ಟಿದ ಬಗೆಯನ್ನು ಕುರಿತು ವಿಜ್ಞಾನ ಹೇಳುವುದೇನು, ಧರ್ಮ ಹೇಳುವುದೇನು, ಇವೆರಡರ ಜಗಳದಲ್ಲಿ ಕೊರಳಿನ ಲಿಂಗ ಇಳಿಯಬೇಕಾದ ಕಾರಣವಿದೆಯೇ?

ನಮ್ಮ ಪುರಾಣ ಪ್ರವಚನಗಳಲ್ಲಿ ಎಂಬತ್ನಾಲ್ಕು ಲಕ್ಷ ಜೀವರಾಶಿಯೆಂಬ ಮಾತು ಬಾರದ ದಿನವಿಲ್ಲ. ಆ ಜೀವರಾಶಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಗರ್ಭಚೀಲದಿಂದ ಹುಟ್ಟುವುದು ಜರಾಯುಜ, ಮೊಟ್ಟೆಯಿಂದ ಹುಟ್ಟುವುದು ಅಂಡಜ, ನೆಲವನ್ನು ಸೀಳಿಕೊಂಡು ಏಳುವುದು ಉದ್ಭಿಜ್ಜ, ಬೆವರು ಮತ್ತು ಬಿಸಿಯಿಂದ ಹುಟ್ಟುವುದು ಸ್ವೇದಜ. ಐತರೇಯ ಉಪನಿಷತ್ತಿನಲ್ಲಿ ಈ ನಾಲ್ಕೂ ಇವೆ. ಮನುಸ್ಮೃತಿಯ ಮೊದಲ ಅಧ್ಯಾಯವಂತೂ ಸೊಳ್ಳೆ, ಹೇನು, ನೊಣ, ತಿಗಣೆಗಳನ್ನು ಸ್ವೇದಜಗಳೆಂದು ಹೆಸರಿಸಿಯೇ ಹೇಳುತ್ತದೆ. ಮೊದಲ ಮೂರರ ವಿಷಯದಲ್ಲಿ ತಕರಾರಿಲ್ಲ, ಅವನ್ನು ಕಣ್ಣಾರೆ ಕಾಣಬಹುದು. ನಾವು ನಿಲ್ಲಬೇಕಾದದ್ದು ನಾಲ್ಕನೆಯದರ ಹತ್ತಿರ.

ನಿಮ್ಮ ಮನೆಯ ಜೋಳದ ಚೀಲವನ್ನೇ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಒಣಗಿಸಿ, ತೂರಿ, ಬೇವಿನ ಸೊಪ್ಪು ಹಾಕಿ ಬಾಯಿ ಕಟ್ಟಿ ಇಟ್ಟಿರುತ್ತೀರಿ. ಆಷಾಢ ಬರುವಷ್ಟರಲ್ಲಿ ಒಳಗೆ ನುಸಿ. ಹೊರಗಿನಿಂದ ಯಾವುದೂ ಹೋಗಿಲ್ಲ, ಹಾಗಾದರೆ ಕಾಳಿನ ಬಿಸಿಗೆ ತಾನೇ ಹುಟ್ಟಿತು ಎಂದು ಹಿರಿಯರು ಹೇಳಿದರು. ಅವರನ್ನು ನಗಬೇಕಾಗಿಲ್ಲ, ಕಂಡದ್ದನ್ನೇ ಅವರು ಹೇಳಿದರು. ಆದರೆ ಅವರು ಕಾಣದ್ದೂ ಒಂದಿತ್ತು. ಹೆಣ್ಣು ನುಸಿಯು ತನ್ನ ಮೂತಿಯಿಂದ ಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಒಂದು ಮೊಟ್ಟೆಯಿಟ್ಟು, ಮೇಲೆ ಅಂಟಿನಿಂದ ಮುಚ್ಚಿಬಿಡುತ್ತದೆ. ಬರಿಗಣ್ಣಿಗೆ ಆ ಕಾಳು ಒಳ್ಳೆಯ ಕಾಳೇ. ಮರಿ ಒಳಗೇ ತಿಂದು ಬೆಳೆದು ರೆಕ್ಕೆ ಬಂದ ಮೇಲೆ ಹೊರಬರುತ್ತದೆ. ಅದು ಸ್ವೇದಜವಲ್ಲ, ಅಂಡಜ.

ಈ ತಪ್ಪು ನಮ್ಮವರದ್ದು ಮಾತ್ರವಲ್ಲ. ಯೂರೋಪಿನ ದೊಡ್ಡ ಪಂಡಿತರೆಲ್ಲ ಇದನ್ನು ನಂಬಿದ್ದರು. ಹೆಲ್ಮಾಂಟ್ ಎಂಬ ಹೆಸರಾಂತ ವೈದ್ಯ, ಕೊಳೆಯಾದ ಅಂಗಿಯನ್ನು ಗೋಧಿಯ ಜೊತೆ ಒಂದು ಪಾತ್ರೆಯಲ್ಲಿ ಇಟ್ಟರೆ 21 ದಿನಗಳಲ್ಲಿ ಇಲಿ ಹುಟ್ಟುತ್ತದೆ ಎಂದು ಬರೆದಿಟ್ಟ. ಇಟಲಿಯ ರೆಡಿ ಎಂಬಾತ 1668ರಲ್ಲಿ ಮಾಂಸದ ಭರಣಿಗಳಲ್ಲಿ ಕೆಲವಕ್ಕೆ ತೆಳುಬಟ್ಟೆ ಕಟ್ಟಿ, ಕೆಲವನ್ನು ತೆರೆದಿಟ್ಟು ನೋಡಿದ. ನೊಣ ಕುಳಿತ ಕಡೆ ಹುಳು, ಕೂರದ ಕಡೆ ಹುಳುವಿಲ್ಲ. ಅಷ್ಟಾದರೂ ವಾದ ನಿಲ್ಲಲಿಲ್ಲ. ಹುಳುವಿಗೆ ತಾಯಿ ಬೇಕು, ಸರಿ, ಆದರೆ ಹಳಸಿದ ರಸದಲ್ಲಿ ಕಾಣುವ ಸೂಕ್ಷ್ಮಜೀವಿಗಳು ತಾವೇ ಹುಟ್ಟುತ್ತವೆ ಎಂದು ಇನ್ನೂ ಇನ್ನೂರು ವರ್ಷ ವಾದಿಸಿದರು.

ಅದನ್ನು ಬಗೆಹರಿಸಿದವರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದು ಕಂಡುಹಿಡಿದ ಪುಣ್ಯಾತ್ಮರು ಇವರೇ. ಒಂದು ಗಾಜಿನ ಬುರುಡೆಯಲ್ಲಿ ರಸವನ್ನು ಹಾಕಿ, ಅದರ ಕೊರಳನ್ನು ಬೆಂಕಿಯಲ್ಲಿ ಕಾಯಿಸಿ ಹಂಸದ ಕೊರಳಿನಂತೆ ಉದ್ದಕ್ಕೆ ಎಳೆದು ಬಾಗಿಸಿದರು. ಬಳಿಕ ರಸವನ್ನು ಕುದಿಸಿದರು. ಗಾಳಿ ಒಳಗೆ ಹೋಗಬಹುದು, ಆದರೆ ಗಾಳಿಯಲ್ಲಿನ ಧೂಳು ಕೊರಳಿನ ಬಾಗಿನಲ್ಲೇ ಕುಳಿತುಬಿಡುತ್ತದೆ. ತಿಂಗಳುಗಟ್ಟಲೆ ಇಟ್ಟರೂ ರಸ ತಿಳಿಯಾಗಿಯೇ ಉಳಿಯಿತು. ಕೊರಳು ಮುರಿದರೆ, ಅಥವಾ ಬುರುಡೆಯನ್ನು ಓರೆಮಾಡಿ ರಸವು ಆ ಧೂಳನ್ನು ಮುಟ್ಟುವಂತೆ ಮಾಡಿದರೆ, ಕೆಲವೇ ದಿನಗಳಲ್ಲಿ ಕೆಟ್ಟಿತು. 1860ರಲ್ಲಿ ಅವರು ಇಂಥ ರಸ ತುಂಬಿ ಮುಚ್ಚಿದ ಇಪ್ಪತ್ತು ಬುರುಡೆಗಳನ್ನು ಆಲ್ಪ್ಸ್ ಪರ್ವತದ ಹಿಮನದಿಯ ಮೇಲಕ್ಕೆ ಒಯ್ದು, ಅಲ್ಲಿಯ ಶುದ್ಧ ಗಾಳಿಗೆ ತೆರೆದು ಮತ್ತೆ ಮುಚ್ಚಿದರು. ಇಪ್ಪತ್ತರಲ್ಲಿ ಕೆಟ್ಟದ್ದು ಒಂದೇ ಒಂದು. 1864ರಲ್ಲಿ ಪ್ಯಾರಿಸ್ ನಗರದಲ್ಲಿ ಇದನ್ನೆಲ್ಲ ತುಂಬಿದ ಸಭೆಯ ಮುಂದೆ ವಿವರಿಸಿದರು. ನಮ್ಮ ತಾಯಂದಿರಿಗೆ ಇದರ ತಿರುಳು ಹೊಸದೇನಲ್ಲ. ಹೆಪ್ಪು ಹಾಕದೆ ಹಾಲು ಮೊಸರಾಗದು. ಪಾಶ್ಚರ್ ಅವರು ಕಂಡದ್ದು ಕಣ್ಣಿಗೆ ಕಾಣದ ಹೆಪ್ಪನ್ನು.

ಹೀಗೆ ಸ್ವೇದಜವೆಂಬ ನಾಲ್ಕನೆಯ ಬಗೆ ಇಲ್ಲವಾಯಿತು. ಇಂದು ಹೇನು ಬೆವರಿನಿಂದ ಹುಟ್ಟುತ್ತದೆ ಎಂದು ಯಾವ ಶಾಸ್ತ್ರಿಯೂ ಹಟ ಹಿಡಿಯುವುದಿಲ್ಲ. ಸೀರು ಕಂಡರೆ ಎಲ್ಲರೂ ಸೀರಣಿಗೆಯನ್ನೇ ಹುಡುಕುವುದು. ಇದರಿಂದ ಯಾರ ಭಕ್ತಿಯಾದರೂ ಕಡಿಮೆಯಾಯಿತೆ? ಯಾರಾದರೂ ಲಿಂಗ ಇಳಿಸಿದರೆ? ಇಲ್ಲ. ಅಂದಮೇಲೆ ಧರ್ಮದ ಗ್ರಂಥದಲ್ಲಿದ್ದ, ಪ್ರಕೃತಿಗೆ ಸಂಬಂಧಪಟ್ಟ ಒಂದು ಮಾತು ಸುಳ್ಳೆಂದು ಗೊತ್ತಾದರೂ ಧರ್ಮ ನಿಂತೇ ಇದೆ. ಈ ಮಾತನ್ನು ಅಜ್ಜನೂ ನೆನಪಿಡಬೇಕು, ಮೊಮ್ಮಗನೂ ನೆನಪಿಡಬೇಕು.

ಇಲ್ಲೊಂದು ವಿಚಿತ್ರವುಂಟು. ಪಾಶ್ಚರ್ ಅವರು ದೈವಭಕ್ತರು. ಅವರ ಪ್ರಯೋಗ ಗೆದ್ದಾಗ ಅಲ್ಲಿಯ ಧರ್ಮನಿಷ್ಠರು ಹಿಗ್ಗಿದರು. ಜೀವ ತಾನಾಗಿ ಹುಟ್ಟುವುದಿಲ್ಲವಾದರೆ ದೇವರೇ ಹುಟ್ಟಿಸಿದನೆಂದು ಆಯಿತಲ್ಲ ಎಂಬುದು ಅವರ ಲೆಕ್ಕ. ಆದರೆ ಅದೇ ಕ್ರೈಸ್ತ ಧರ್ಮದ ಹಳೆಯ ಸಂತರಾದ ಅಗಸ್ಟೀನ್, ಅಕ್ವಿನಾಸ್ ಮೊದಲಾದವರು ಹುಳುಗಳು ಕೊಳೆತದ್ದರಿಂದ ತಾವೇ ಹುಟ್ಟುತ್ತವೆಂದು ಒಪ್ಪಿದ್ದರು, ಅದರಿಂದ ಅವರ ದೇವರಿಗೆ ಕುಂದೇನೂ ಬಂದಿರಲಿಲ್ಲ. ಒಂದೇ ಮಾತನ್ನು ಒಂದು ಕಾಲಕ್ಕೆ ಆಸ್ತಿಕರು ಹಿಡಿದರು, ಇನ್ನೊಂದು ಕಾಲಕ್ಕೆ ನಾಸ್ತಿಕರು ಹಿಡಿದರು. ಹುಳುವಿನ ಹುಟ್ಟಿಗೆ ದೇವರನ್ನು ಕಟ್ಟಿಹಾಕಿದರೆ ಹುಳು ಹೋದ ಕಡೆಗೆಲ್ಲ ದೇವರೂ ಹೋಗಬೇಕಾಗುತ್ತದೆ.

ಪಾಶ್ಚರ್ ಅವರ ಪ್ರಯೋಗಗಳು ನಡೆದ ಆ ದಿನಗಳಲ್ಲೇ ಇಂಗ್ಲೆಂಡಿನಲ್ಲಿ ಇನ್ನೂ ದೊಡ್ಡ ಗದ್ದಲ ಎದ್ದಿತ್ತು. ಚಾರ್ಲ್ಸ್ ಡಾರ್ವಿನ್ ಎಂಬುವರ ಗ್ರಂಥ 1859ರ ನವೆಂಬರ್ ತಿಂಗಳಲ್ಲಿ ಹೊರಬಂದಿತು. ಡಾರ್ವಿನ್ 1809ರಲ್ಲಿ ಹುಟ್ಟಿದವರು, ಪಾದ್ರಿಯಾಗಲೆಂದು ತಂದೆ ಓದಲು ಕಳಿಸಿದ ಹುಡುಗ. 1831ರಿಂದ 1836ರವರೆಗೆ ಹಡಗಿನಲ್ಲಿ ಪ್ರಪಂಚ ಸುತ್ತಿ ಬಂದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾರಿವಾಳ ಸಾಕಿ, ಗಿಡ ಬೆಳೆಸಿ, ಯೋಚಿಸಿ ಬರೆದರು. ಈಗಿನ ಜೀವಿಗಳೆಲ್ಲ ಹಿಂದಿನ ಜೀವಿಗಳಿಂದ ಕಾಲಕ್ರಮದಲ್ಲಿ ಬದಲಾಗುತ್ತ ಬಂದವು, ಒಂದೊಂದನ್ನೂ ಬೇರೆ ಬೇರೆಯಾಗಿ ಮಾಡಿಟ್ಟದ್ದಲ್ಲ ಎಂಬುದು ಅವರ ಮಾತು. ಆಗ ಅಲ್ಲಿಯ ಜನ ನಂಬಿದ್ದ ಲೆಕ್ಕ ಯಾವುದು ಗೊತ್ತೆ? ಅಷರ್ ಎಂಬ ಧರ್ಮಾಧ್ಯಕ್ಷರು 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ, ಕ್ರಿಸ್ತಪೂರ್ವ 4004ನೆಯ ವರ್ಷದ ಅಕ್ಟೋಬರಿನಲ್ಲಿ ಸೃಷ್ಟಿಯಾಯಿತೆಂದು ಗೊತ್ತುಮಾಡಿದ್ದರು. ಅಂಥ ಜನಕ್ಕೆ ಡಾರ್ವಿನ್ನರ ಮಾತು ಸಿಡಿಲಿನಂತೆ ಕೇಳಿಸಿದ್ದು ಸಹಜ. ಮುಂದೆ ಡಾರ್ವಿನ್ನರಿಗೆ ದೇವರಲ್ಲಿ ನಂಬಿಕೆ ಉಳಿಯಲಿಲ್ಲವೆಂಬುದೂ ನಿಜ. ಹತ್ತು ವರ್ಷದ ಮಗಳು ಆನಿಯನ್ನು 1851ರಲ್ಲಿ ಕಳೆದುಕೊಂಡ ದುಃಖ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಡಾರ್ವಿನ್ ಎಂದರೆ ‘ಮಂಗನಿಂದ ಮಾನವ’ ಎಂದವನು ಎಂದಷ್ಟೇ ಗೊತ್ತು. ಇದು ಅರ್ಧ ತಿಳಿದ ಮಾತು. ಇಂದು ಮರದ ಮೇಲಿರುವ ಮಂಗ ನಮ್ಮ ಅಜ್ಜನಲ್ಲ, ದಾಯಾದಿ. ಎರಡು ಮನೆತನದವರು ಬೇರೆಯಾಗಿ ಎಷ್ಟೋ ತಲೆಮಾರು ಕಳೆದಿದ್ದರೂ ಮೇಲೆ ಹೋದರೆ ಮೂಲಪುರುಷ ಒಬ್ಬನೇ ಸಿಗುತ್ತಾನಲ್ಲವೆ, ಹಾಗೆ. ನಮಗೆ ತೀರ ಹತ್ತಿರದ ದಾಯಾದಿ ಆಫ್ರಿಕದ ಚಿಂಪಾಂಜಿ. ಅವರ ಮನೆ ನಮ್ಮ ಮನೆ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷಗಳಾದವೆಂದು ಹೇಳುತ್ತಾರೆ. ಊರ ಅಗಸೆಯಲ್ಲಿ ಹನುಮಪ್ಪನನ್ನು ನಿಲ್ಲಿಸಿಕೊಂಡ ನಾವು ಈ ಸಂಬಂಧಕ್ಕೆ ಇಷ್ಟು ನಾಚಬೇಕಾಗಿಲ್ಲ.

ರೈತರಿಗಂತೂ ಇದು ತಿಳಿಯದ ವಿದ್ಯೆಯಲ್ಲ. ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಕಟ್ಟಿಡುತ್ತೀರಿ, ಒಳ್ಳೆಯ ಹೋರಿಯನ್ನೇ ಬಿತ್ತನೆಗೆ ಬಿಡುತ್ತೀರಿ. ಹಳ್ಳಿಕಾರ, ಅಮೃತಮಹಲ್, ಖಿಲಾರಿ ತಳಿಗಳು ಹೀಗೆ ತಲೆಮಾರುಗಟ್ಟಲೆ ಆರಿಸಿದ್ದರಿಂದ ಬಂದವು. ಮನುಷ್ಯ ಆರಿಸುವಂತೆ ಮಳೆ, ಬರ, ರೋಗ, ಹಸಿವುಗಳೂ ಆರಿಸುತ್ತವೆ. ಡಾರ್ವಿನ್ ಹೇಳಿದ್ದು ಇದನ್ನೇ. ನಿಮ್ಮ ಹತ್ತಿಯ ಹೊಲದಲ್ಲಿ ಇದು ಕಣ್ಣೆದುರಿಗೇ ನಡೆದಿದೆ. ಕಾಯಿಕೊರಕ ಹುಳು ತಿಂದರೆ ಸಾಯುವ ಬಿಟಿ ಹತ್ತಿ ನಮ್ಮ ದೇಶಕ್ಕೆ 2002ರಲ್ಲಿ ಬಂತು. ಮೊದಲ ಕೆಲವು ವರ್ಷ ಔಷಧಿ ಸಿಂಪಡಿಸುವ ಖರ್ಚು ಇಳಿಯಿತು. ಆದರೆ ಕೋಟಿ ಹುಳುಗಳಲ್ಲಿ ಯಾವುವೋ ಕೆಲವಕ್ಕೆ ಆ ವಿಷವನ್ನು ತಡೆಯುವ ಗುಣ ಮೊದಲೇ ಇತ್ತು. ಉಳಿದವು ಸತ್ತವು, ಇವು ಬದುಕಿ ಮರಿ ಮಾಡಿದವು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕಕ್ಕೆ ಮೊದಲ ಬಗೆಯ ಬಿಟಿ ನಾಟದೆ ಹೋಯಿತು, ಆಮೇಲೆ ಎರಡು ವಿಷಗಳ ಹತ್ತಿಯೂ ಅದರ ಮುಂದೆ ಸೋತಿತು. ಇದಕ್ಕೇ ಜೀವವಿಕಾಸ ಎನ್ನುವುದು. ನಂಬುವುದಿಲ್ಲವೆಂದರೆ ಹುಳು ಕೇಳುವುದಿಲ್ಲ. ಕೋವಿಡ್ ಕಾಲದಲ್ಲಿ, 2021ರಲ್ಲಿ, ನಮ್ಮ ಎಷ್ಟೋ ಮನೆಗಳನ್ನು ಬರಿದುಮಾಡಿದ ಡೆಲ್ಟಾ ಎಂಬುದು ಕೂಡ ಹೀಗೆಯೇ ಬದಲಾಗಿ ಬಂದ ವೈರಾಣು.

ಇಷ್ಟಾದರೂ ಜಗಳವೇಕೆ ನಿಲ್ಲಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಅಮೆರಿಕೆಯ ಟೆನೆಸ್ಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿಗೆ ಹೋಗಬೇಕು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದೆಂದು ಆ ರಾಜ್ಯ 1925ರಲ್ಲಿ ಕಾನೂನು ಮಾಡಿತು. ಅದನ್ನು ಮುರಿದನೆಂದು ಜಾನ್ ಸ್ಕೋಪ್ಸ್ ಎಂಬ ತರುಣ ಶಿಕ್ಷಕನ ಮೇಲೆ ಖಟ್ಲೆ ಹೂಡಿದರು. ಶಿಕ್ಷಕನ ಪರವಾಗಿ ಡ್ಯಾರೋ ಎಂಬ ದೊಡ್ಡ ವಕೀಲರು, ಎದುರಿಗೆ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಈ ಬ್ರಯಾನ್ ಸಾಮಾನ್ಯರಲ್ಲ. ಮೂರು ಸಲ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತವರು, ಸಾಲದಲ್ಲಿ ಮುಳುಗಿದ ರೈತರ ಪರವಾಗಿ ಗುಡುಗಿದವರು, ದೇಶ ಯುದ್ಧದ ಕಡೆಗೆ ವಾಲುತ್ತಿದೆಯೆಂದು 1915ರಲ್ಲಿ ವಿದೇಶಾಂಗ ಮಂತ್ರಿ ಪದವಿಯನ್ನೇ ಬಿಟ್ಟವರು. ಜುಲೈ ತಿಂಗಳ ಸೆಖೆ ತಾಳಲಾರದೆ ನ್ಯಾಯಾಲಯವನ್ನು ಹೊರಗಿನ ಹುಲ್ಲುಹಾಸಿಗೆ ತಂದರು. ಅಲ್ಲಿ ಡ್ಯಾರೋ ಅವರು ಬ್ರಯಾನ್‌ರನ್ನೇ ಸಾಕ್ಷಿಯಾಗಿ ಕೂರಿಸಿ, ಭೂಮಿಯ ವಯಸ್ಸೆಷ್ಟು, ಆರು ದಿನದ ಸೃಷ್ಟಿಯೆಂದರೆ ಎಂಥ ದಿನ ಎಂದು ಕೇಳಿದರು. ಆ ದಿನಗಳು ಇಪ್ಪತ್ನಾಲ್ಕು ತಾಸಿನವೇ ಆಗಬೇಕೆಂದಿಲ್ಲ ಎಂದು ಬ್ರಯಾನ್ ಒಪ್ಪಬೇಕಾಯಿತು. ಜನ ನಕ್ಕರು. ಶಿಕ್ಷಕನಿಗೆ 100 ಡಾಲರ್ ದಂಡ ಬಿತ್ತು, 1927ರಲ್ಲಿ ಮೇಲಿನ ಕೋರ್ಟು ಒಂದು ತಾಂತ್ರಿಕ ಕಾರಣದಿಂದ ಅದನ್ನು ತೆಗೆದುಹಾಕಿತು. ತೀರ್ಪಾದ ಐದೇ ದಿನಗಳಿಗೆ ಬ್ರಯಾನ್ ಅದೇ ಊರಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಆ ಕಾನೂನು ಮಾತ್ರ 1967ರವರೆಗೆ ಇತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬ್ರಯಾನ್‌ರನ್ನು ಗೇಲಿ ಮಾಡಿ ಮುಗಿಸುತ್ತಾರೆ. ನಮಗೆ ಹಾಗೆ ಮುಗಿಸಲು ಮನಸ್ಸಿಲ್ಲ. ಆ ಶಿಕ್ಷಕನ ಕೈಯಲ್ಲಿದ್ದ ಪಠ್ಯಪುಸ್ತಕದಲ್ಲಿ ಜೀವವಿಕಾಸದ ಜೊತೆಗೆ ಇನ್ನೇನಿತ್ತು? ಮನುಷ್ಯರಲ್ಲಿ ಐದು ಜನಾಂಗಗಳೆಂದೂ ಅವರಲ್ಲಿ ಬಿಳಿಯರೇ ಎಲ್ಲರಿಗಿಂತ ಮೇಲೆಂದೂ ಬರೆದಿತ್ತು. ಬುದ್ಧಿಮಾಂದ್ಯರು, ದುರ್ಬಲರು ಮಕ್ಕಳನ್ನು ಹೆರದಂತೆ ತಡೆಯಬೇಕೆಂಬ ಪಾಠವೂ ಇತ್ತು. ಅದು ಬರಿ ಪಾಠವಾಗಿ ಉಳಿಯಲಿಲ್ಲ. 1927ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿಗೆ ಕೊಟ್ಟು, ಕ್ಯಾರಿ ಬಕ್ ಎಂಬ ಬಡ ತರುಣಿಗೆ ವರ್ಜೀನಿಯಾದಲ್ಲಿ ಬಲವಂತದ ಸಂತಾನಹರಣ ಮಾಡಿದರು. ಅನಂತರ ಜರ್ಮನಿಯಲ್ಲಿ 1933ರ ಬಳಿಕ ಏನಾಯಿತೆಂಬುದನ್ನು ಪ್ರಪಂಚವೇ ಬಲ್ಲದು. ಬಲವಂತನೇ ಬಾಳಲಿ ಎಂಬ ನೀತಿ ಬಡವನ ಮನೆ ಮುರಿಯುತ್ತದೆಂದು ಬ್ರಯಾನ್ ಹೆದರಿದ್ದರು. ಆ ಹೆದರಿಕೆ ಸುಳ್ಳಾಗಿರಲಿಲ್ಲ. ಅವರು ಎಡವಿದ್ದು ಮದ್ದಿನಲ್ಲಿ. ದುರುಪಯೋಗವನ್ನು ಖಂಡಿಸುವುದು ಬಿಟ್ಟು, ನಿಜವನ್ನೇ ಶಾಲೆಯಿಂದ ಹೊರಹಾಕಲು ಹೋದರು. ಡಾರ್ವಿನ್ ಕೂಡ ಗುಲಾಮಗಿರಿಯನ್ನು ಹೇಸುತ್ತಿದ್ದರೆಂಬುದನ್ನು ಎರಡೂ ಕಡೆಯವರು ಮರೆತರು.

ಮೂಲದ ಕಥೆಯನ್ನು ಮೇಲುಕೀಳಿಗೆ ಬಳಸುವುದು ಅಮೆರಿಕದವರ ಸ್ವತ್ತಲ್ಲ. ನಮ್ಮ ದೇಶದಲ್ಲಿ ಮುಖದಿಂದ ಒಬ್ಬರು, ತೋಳಿನಿಂದ ಒಬ್ಬರು, ತೊಡೆಯಿಂದ ಒಬ್ಬರು, ಪಾದದಿಂದ ಒಬ್ಬರು ಹುಟ್ಟಿದರೆಂಬ ಸೃಷ್ಟಿಯ ಕಥೆಯನ್ನು ಎಷ್ಟು ಶತಮಾನ ಯಾವ ಕೆಲಸಕ್ಕೆ ಬಳಸಿದರೆಂಬುದು ಹಿರಿಯರಿಗೆ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಎದುರಿಸಿದ್ದು ಇದನ್ನೇ. ಹರಳಯ್ಯ, ಮಧುವರಸರ ಮನೆಗಳ ನಡುವೆ ಬೀಗತನ ಬೆಳೆದದ್ದಕ್ಕೆ ಎಂಥ ಬೆಲೆ ತೆತ್ತರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಜೀವವಿಜ್ಞಾನ ಏನು ಹೇಳುತ್ತದೆ? ಇಂದಿನ ಮನುಷ್ಯರೆಲ್ಲರ ಮೂಲ ಆಫ್ರಿಕ, ನಮ್ಮ ಜಾತಿಯ ಮನುಷ್ಯನ ವಯಸ್ಸು ಸುಮಾರು 3 ಲಕ್ಷ ವರ್ಷ, ಯಾವ ಇಬ್ಬರ ವಂಶದಕ್ಷರಗಳನ್ನು ಹೋಲಿಸಿದರೂ ನೂರಕ್ಕೆ 99.9ರಷ್ಟು ಒಂದೇ. ಹುಟ್ಟಿನಿಂದ ಒಬ್ಬ ಮೇಲು ಒಬ್ಬ ಕೀಳು ಎಂಬುದಕ್ಕೆ ಅಲ್ಲಿ ಎಡೆಯೇ ಇಲ್ಲ. ಶರಣರ ಮಕ್ಕಳೆನಿಸಿಕೊಂಡ ನಾವು ಈ ವಿದ್ಯೆಗೆ ಹೆದರುವುದೇ ಆಶ್ಚರ್ಯ! ಹೆದರಬೇಕಾದವರು ಬೇರೆಯವರು.

ನಮ್ಮ ದೇಶದಲ್ಲಿಯೂ ಈ ಜಗಳ ಈಚೆಗೆ ಬಂದಿದೆ. ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತವೇ ತಪ್ಪು ಎಂದು ಕೇಂದ್ರದ ಒಬ್ಬ ರಾಜ್ಯಸಚಿವರು 2018ರ ಜನವರಿಯಲ್ಲಿ ಹೇಳಿದರು, ದೇಶದ ವಿಜ್ಞಾನ ಅಕಾಡೆಮಿಗಳು ಅದನ್ನು ಅಲ್ಲಗಳೆದವು. 2023ರಲ್ಲಿ ಬಂದ ಕೇಂದ್ರದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಪಾಠ ‘ಅನುವಂಶೀಯತೆ’ ಎಂದಷ್ಟೇ ಆಯಿತು. ಮಕ್ಕಳ ಹೊರೆ ಇಳಿಸಲೆಂದು ಹೀಗೆ ಮಾಡಿದೆವು, ಹನ್ನೆರಡನೆಯ ತರಗತಿಯಲ್ಲಿ ಆ ವಿಷಯ ಇದ್ದೇ ಇದೆ ಎಂಬುದು ಅವರ ಸಮಾಧಾನ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ಮರಳಿ ಸೇರಿಸಬೇಕೆಂದು ಸಹಿಹಾಕಿ ಕೇಳಿದರು. ಹತ್ತನೆಯ ತರಗತಿಗೆ ಓದು ನಿಲ್ಲಿಸುವ, ಅಥವಾ ಮುಂದೆ ಕಲೆ, ವಾಣಿಜ್ಯಕ್ಕೆ ಹೋಗುವ ಹಳ್ಳಿಯ ಹುಡುಗನಿಗೆ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಎಲ್ಲಿ ಸಿಗಬೇಕು? ಪಾಠ ಇರಬೇಕಿತ್ತು ಎಂಬುದೇ ನಮ್ಮ ಅಭಿಪ್ರಾಯ. ನಮ್ಮ ಮಠಮಾನ್ಯಗಳು ಪ್ರಸಾದ ನಿಲಯ ಕಟ್ಟಿ, ನಮ್ಮ ಸಮಾಜದ ಹಿರಿಯರು ವಿದ್ಯಾಸಂಸ್ಥೆ, ವೈದ್ಯಕೀಯ ಕಾಲೇಜು ಕಟ್ಟಿ ಇಂಥ ವಿದ್ಯೆಯನ್ನೇ ಬಡಮಕ್ಕಳಿಗೆ ಒದಗಿಸಿದರು. ಮಠದ ಅನ್ನ ಉಂಡು ಓದಿದವರೇ ಇಂದು ನಿಮ್ಮ ನಾಡಿ ಹಿಡಿದು ನೋಡುತ್ತಾರೆ.

ಇನ್ನು ಮೊಮ್ಮಗನ ಮಾತಿಗೆ ಬರೋಣ. ಜೀವ ನೀರಿನಲ್ಲಿ ತಾನೇ ಹುಟ್ಟಿತು ಎಂದನಲ್ಲ, ಅದು ಎಷ್ಟರಮಟ್ಟಿಗೆ ಸಿದ್ಧವಾದ ಮಾತು? ಡಾರ್ವಿನ್ ಹೇಳಿದ್ದು ಜೀವದಿಂದ ಜೀವ ಬದಲಾದ ಬಗೆಯನ್ನು. ಮೊಟ್ಟಮೊದಲ ಜೀವದ ಮಾತು ಬೇರೆಯೇ. ರಷ್ಯದ ಒಪಾರಿನ್ 1924ರಲ್ಲಿ, ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿ, ಆದಿಯ ಭೂಮಿಯ ಗಾಳಿ ಮತ್ತು ನೀರಿನಲ್ಲಿ ಜೀವದ ಸಾಮಗ್ರಿ ಕೂಡಿಬಂದಿರಬೇಕೆಂದು ಊಹಿಸಿದರು. (ಈ ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿ, ಇಲ್ಲಿಯ ಉಡುಪು ತೊಟ್ಟು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದ್ದರು. ದೇವರನ್ನು ಒಪ್ಪದವರಲ್ಲಿಯೂ ಇಂಥವರಿರುತ್ತಾರೆ.) 1953ರಲ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿ ಷಿಕಾಗೊದಲ್ಲಿ ಗಾಜಿನ ಪಾತ್ರೆಯೊಳಗೆ ನೀರಿನ ಹಬೆ, ಮೀಥೇನ್, ಅಮೋನಿಯ, ಜಲಜನಕಗಳನ್ನು ತುಂಬಿ, ಮಿಂಚಿನ ಬದಲು ವಿದ್ಯುತ್ ಕಿಡಿ ಹಾಯಿಸಿದ. ಒಂದು ವಾರದಲ್ಲಿ ನೀರು ಕೆಂಪಾಯಿತು. ನಮ್ಮ ಮೈಯ ಮಾಂಸಖಂಡ ಯಾವುದರಿಂದ ಆಗಿದೆಯೋ ಆ ಅಮೈನೋ ಆಮ್ಲಗಳು ಅದರಲ್ಲಿ ಸಿಕ್ಕವು. ಬೆನ್ನು ಎಂಬ ಸಣ್ಣ ಕ್ಷುದ್ರಗ್ರಹದಿಂದ 2023ರಲ್ಲಿ ಸುಮಾರು 120 ಗ್ರಾಂ ಮಣ್ಣು ಭೂಮಿಗೆ ಬಂತು. ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿ ಇವೆಯೆಂದು 2025ರಲ್ಲಿ ತಿಳಿಸಿದರು.

ಆದರೆ ಇಟ್ಟಿಗೆಯ ರಾಶಿ ಮನೆಯಲ್ಲ. 2010ರಲ್ಲಿ ಅಮೆರಿಕೆಯ ವೆಂಟರ್ ಅವರ ತಂಡ ಒಂದು ಸೂಕ್ಷ್ಮಜೀವಿಯ ಹತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳ ವಂಶಲಿಪಿಯನ್ನು ಪ್ರಯೋಗಾಲಯದಲ್ಲಿ ಜೋಡಿಸಿ ಬದುಕಿಸಿತು, ಆದರೆ ಆ ಲಿಪಿಯನ್ನು ಇಟ್ಟದ್ದು ಮೊದಲೇ ಇದ್ದ ಒಂದು ಜೀವಕೋಶದಲ್ಲಿ. ಜಡದಿಂದ ಪೂರ್ತಿ ಜೀವಕೋಶವೊಂದನ್ನು ಯಾರೂ ಇದುವರೆಗೆ ಎಬ್ಬಿಸಿಲ್ಲ. ಆದ್ದರಿಂದ ಮೊಮ್ಮಗನು ‘ಗೊತ್ತಾಗಿಬಿಟ್ಟಿದೆ’ ಎಂದದ್ದು ಅವಸರದ ಮಾತು.

ಇಲ್ಲಿ ಅಜ್ಜಂದಿರು ಹಿಗ್ಗಬಾರದು. ‘ನೋಡಿದೆಯಾ, ನಿನ್ನ ವಿಜ್ಞಾನಕ್ಕೆ ಗೊತ್ತಿಲ್ಲ, ಅದೇ ಜಾಗದಲ್ಲಿ ನಮ್ಮ ಶಿವನಿದ್ದಾನೆ’ ಎನ್ನಲು ಹೋಗಬೇಡಿ. ನಾಳೆ, ಇಲ್ಲವೆ ಐವತ್ತು ವರ್ಷಕ್ಕೆ, ಆ ಜಾಗವೂ ತಿಳಿಯಬಹುದು. ಆಗ ಶಿವನನ್ನು ಎತ್ತಿ ಎಲ್ಲಿಡುತ್ತೀರಿ? ಗೊತ್ತಿಲ್ಲದ ಮೂಲೆಯಲ್ಲಿ ಮಾತ್ರ ಇರುವ ದೇವರು ಗೊತ್ತಾದ ಮೇಲೆ ಮನೆ ಖಾಲಿ ಮಾಡಬೇಕಾಗುತ್ತದೆ. ನಮ್ಮ ದರ್ಶನದಲ್ಲಿ ಶಿವನು ಹೀಗೆ ಮೂಲೆ ಹಿಡಿದವನಲ್ಲ. ಚರಾಚರವೆಲ್ಲ ಯಾವುದರಲ್ಲಿ ಹುಟ್ಟಿ, ಇದ್ದು, ಲಯವಾಗುವುದೋ ಅದು ಲಿಂಗ ಎಂದು ಹೇಳುವಾಗ, ಹೊತ್ತಿದ ದೀಪದಲ್ಲಿಯೂ ಇದ್ದಾನೆ, ಹೊತ್ತುವ ಬಗೆ ತಿಳಿದವನ ಬುದ್ಧಿಯಲ್ಲಿಯೂ ಇದ್ದಾನೆ ಎಂದೇ ಅರ್ಥ. ಮಳೆ ಹೇಗೆ ಬರುತ್ತದೆಂದು ಶಾಲೆಯಲ್ಲಿ ಓದಿದ ಮೇಲೂ ಮೊದಲ ಮಳೆಗೆ ನೀವು ಕೈಮುಗಿಯುವುದನ್ನು ಬಿಟ್ಟಿಲ್ಲವಷ್ಟೆ!

ಮತ್ತೊಂದು ಚಾಳಿಯೂ ಪ್ರವಚನಕಾರರಲ್ಲಿ ಬೆಳೆದಿದೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನಿಗಳು ಹೇಳುವ ಭೂಮಿಯ ವಯಸ್ಸು 454 ಕೋಟಿ, ನೋಡಿ ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಎಂಬತ್ನಾಲ್ಕು ಲಕ್ಷ ಜೀವರಾಶಿಗೆ, 2011ರಲ್ಲಿ ವಿಜ್ಞಾನಿಗಳು ಅಂದಾಜಿಸಿದ 87 ಲಕ್ಷ ಜೀವಜಾತಿಗಳನ್ನು ಸಾಕ್ಷಿ ತರುತ್ತಾರೆ. ಸೂಕ್ಷ್ಮಜೀವಿಗಳ ಜಾತಿಗಳೇ ಒಂದು ಲಕ್ಷ ಕೋಟಿಯವರೆಗೆ ಇರಬಹುದೆಂದು 2016ರಲ್ಲಿ ಬೇರೆಯವರು ಅಂದಾಜಿಸಿದ್ದನ್ನು ಮಾತ್ರ ಹೇಳುವುದಿಲ್ಲ. ಶರಣರು ಹೇಳಿದ ಶೂನ್ಯ, ಬಯಲುಗಳನ್ನು ಇಂದಿನ ಖಗೋಳ ವಿಜ್ಞಾನಕ್ಕೆ ಗಂಟುಹಾಕುವವರೂ ಇದ್ದಾರೆ. ಕೂಡಿದ ಅಂಕಿಗೆ ಚಪ್ಪಾಳೆ, ಕೂಡದ ಅಂಕಿಗೆ ಮೌನ, ಇದು ಸಂತೆಯ ವ್ಯಾಪಾರಿಯ ತಕ್ಕಡಿ. ಅಲ್ಲಮಪ್ರಭುಗಳ ಬಯಲು ಅನುಭಾವಿಯು ತನ್ನೊಳಗೆ ಕಂಡದ್ದು. ಅದಕ್ಕೆ ದೂರದರ್ಶಕದ ಸಾಕ್ಷಿ ಬೇಕಾಗಿಲ್ಲ, ದೂರದರ್ಶಕ ಅದನ್ನು ಸುಳ್ಳು ಮಾಡಲೂ ಆಗದು.

ಹಾಗಾದರೆ ಜಗಲಿಯ ಮೇಲಿರುವ ಲಿಂಗದ ಗತಿಯೇನು? ಗುರುವು ದೀಕ್ಷೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟಾಗ, ಭೂಮಿ ಇಂಥ ವರ್ಷ ಹುಟ್ಟಿತು, ಹೇನು ಬೆವರಿನಿಂದ ಹುಟ್ಟಿತು ಎಂದು ನಂಬುವೆಯಾ ಎಂದು ಕೇಳಲಿಲ್ಲ. ಕಳವು ಮಾಡಬೇಡ, ಕಾಯಕ ಬಿಡಬೇಡ, ದುಡಿದದ್ದರಲ್ಲಿ ದಾಸೋಹಕ್ಕೆ ಇಡು ಎಂಬುದು ಕೊರಳಿನಲ್ಲಿ ಲಿಂಗವಿರುವವನ ನಡೆ. ಇದನ್ನು ಮೊಮ್ಮಗನಿಗೆ ಗದರಿಸದೆ ಹೇಳಬೇಕು. ಗದರಿಸಿ ಕಟ್ಟಿಸಿದ ಲಿಂಗ ಬಸ್‌ಸ್ಟ್ಯಾಂಡಿನವರೆಗೆ ಇದ್ದು ಪಟ್ಟಣದಲ್ಲಿ ಚೀಲ ಸೇರುತ್ತದೆ. ಅಜ್ಜ ಪೂಜೆಗೆ ಕೂತಾಗ ಹುಡುಗ ಪಕ್ಕದಲ್ಲಿ ತನ್ನ ಜೀವಶಾಸ್ತ್ರದ ಪುಸ್ತಕ ಹಿಡಿದು ಕೂತರೂ ಸಾಕು, ಅವಸರ ಬೇಡ. ಪೂಜೆಯಾದ ಮೇಲೆ ಪುಸ್ತಕದಲ್ಲಿ ಏನಿದೆ ಓದಿ ಹೇಳು ಎಂದು ಅಜ್ಜನೂ ಕೇಳಲಿ. ನುಸಿಯ ವಿಷಯ ಅಜ್ಜನಿಗೆ ಗೊತ್ತಿರುವಷ್ಟು ಆ ಪುಸ್ತಕ ಬರೆದವರಿಗೆ ಗೊತ್ತಿರಲಾರದು.

ಕೂಡಲಸಂಗಮಕ್ಕೆ ಹೋಗುವ ಭಕ್ತರು ಬಾಗಲಕೋಟೆ ಜಿಲ್ಲೆಯನ್ನು ಹಾದೇ ಹೋಗಬೇಕು. ಅದೇ ಜಿಲ್ಲೆಯ ಕಲಾದಗಿ, ಲೋಕಾಪುರ ಕಡೆಯ ಹಳೆಯ ಸುಣ್ಣಕಲ್ಲಿನ ಜಾತಿಯ ಬಂಡೆಗಳಲ್ಲಿ, ಬೇಯಿಸಿದ ಉಳ್ಳಾಗಡ್ಡಿಯ ಪದರುಗಳಂತೆ, ಒಂದರ ಮೇಲೊಂದು ಬಾಗಿದ ಗೆರೆಗಳು ಕಾಣುತ್ತವೆ. ಸ್ಟ್ರೊಮಾಟೊಲೈಟ್ ಎಂದು ಅವಕ್ಕೆ ಹೆಸರು. ಆಗ ಅಲ್ಲಿ ಸಮುದ್ರವಿತ್ತು. ಕಣ್ಣಿಗೆ ಕಾಣದ ಪಾಚಿಯಂಥ ಜೀವಿಗಳು ಆಳವಿಲ್ಲದ ನೀರಿನ ತಳದಲ್ಲಿ ಹಾಸಿನಂತೆ ಬೆಳೆದು, ಮೇಲೆ ಕೆಸರು ಕುಳಿತಂತೆಲ್ಲ ಮತ್ತೆ ಮತ್ತೆ ಮೇಲಕ್ಕೆ ಬಂದು ಕಟ್ಟಿದ ಪದರುಗಳು ಇವು. ಇವುಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಕ್ಕಿದ್ದು, ಆಗ ಭೂಮಿಯ ಮೇಲೆ ಮರವಿಲ್ಲ, ಹಕ್ಕಿಯಿಲ್ಲ, ಮಂಗನೂ ಇಲ್ಲ. ಸಂಗಮನಾಥನ ದರ್ಶನಕ್ಕೆ ಹೊರಟಾಗ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ, ಹಾದಿಯಲ್ಲಿ ಇದನ್ನೂ ತೋರಿಸಿರಿ. ಕಲ್ಲಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ ಗೆರೆಗಳು ಎದ್ದು ಕಾಣುತ್ತವೆ. ಒಡೆದು ತರಬೇಡಿ, ನಿಮ್ಮ ಹಿಂದೆ ಬರುವವರೂ ನೋಡಬೇಕು.